ಹಳೆಯ ಕಂಟ್ರೋಲರ್, ಹೊಸ ಕನ್ಸೋಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಗೆ ಈಚೆಗೆ ಸೋನಿಯ ಆಟದ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ಬಂದಿದೆ. ಪಿಎಸ್4ರ ಜೊತೆಗಿದ್ದ ಎರಡು ಡ್ಯುಯಲ್‌ಶಾಕ್ 4 ಕಂಟ್ರೋಲರ್‌ಗಳು ಇನ್ನೂ ಸುಸ್ಥಿತಿಯಲ್ಲಿವೆ. ಆದರೆ ಕೆಲವು ಇಂಡಿ (ಚಿಕ್ಕ ಸ್ವತಂತ್ರ ತಂಡಗಳು ಮಾಡಿದ) ಗೇಮ್‌ಗಳಲ್ಲಿ ಅವು ಕೆಲಸ ಮಾಡುತ್ತವೆ, ಕೆಲವುದರಲ್ಲಿ ಮಾಡುವುದೇ ಇಲ್ಲ. ಹೊಸದನ್ನು ಕೊಳ್ಳಲೇಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ದೋಷ ನಿಮ್ಮ ಕಂಟ್ರೋಲರ್‌ನದಲ್ಲ. ಡ್ಯುಯಲ್‌ಶಾಕ್ 4 ಪಿಎಸ್5ಕ್ಕೆ ಜೋಡಣೆಯಾಗುತ್ತದೆ. ಆದರೆ ಪಿಎಸ್4ಗಾಗಿ ತಯಾರಾದ ಆಟಗಳನ್ನು ಮಾತ್ರ ಅದರಿಂದ ಆಡಬಹುದೆಂದು ಸೋನಿ 2020ರಲ್ಲಿಯೇ ನಿರ್ಧರಿಸಿದೆ. ಪಿಎಸ್5ರ ಜೊತೆ ಬರುವ ಹೊಸ ಕಂಟ್ರೋಲರ್ ಡ್ಯುಯಲ್‌ಸೆನ್ಸ್‌ನ ಕಂಪನ ಮತ್ತು ಒತ್ತುವಾಗ ಬಿಗಿ ಬದಲಾಗುವ ಟ್ರಿಗರ್‌ಗಳನ್ನು (ತೋರುಬೆರಳಿನ ಬಟನ್‌ಗಳನ್ನು) ಪಿಎಸ್5 ಆಟಗಳು ಬಳಸಿಕೊಳ್ಳಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ನೆಗೆಯಲು ಒಂದು ಬಟನ್, ಹೊಡೆಯಲು ಇನ್ನೊಂದು ಬಟನ್ ಸಾಕಾಗುವ ಚಿಕ್ಕ ಆಟಗಳ ಮಟ್ಟಿಗೆ ಈ ಕಾರಣ ನನಗೆ ಅಷ್ಟೇನೂ ಒಪ್ಪಿಗೆಯಾಗುವುದಿಲ್ಲ.

ಆದ್ದರಿಂದ ನೀವು ನೋಡಬೇಕಾದದ್ದು ಕನ್ಸೋಲನ್ನಲ್ಲ, ಆಟದ ಆವೃತ್ತಿಯನ್ನು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ ‘ರಾಜಿ’ 2020ರಲ್ಲಿ ಪಿಎಸ್4ಗೆ ಬಂದ ಆಟವಾದ್ದರಿಂದ, ಪಿಎಸ್5ರಲ್ಲಿ ಆಡುವಾಗಲೂ ಹಳೆಯ ಕಂಟ್ರೋಲರ್ ಅದಕ್ಕೆ ನಡೆಯುತ್ತದೆ; 2018ರ ‘ಸೆಲೆಸ್ಟ್’ ಕೂಡ ಹಾಗೆಯೇ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಕಥೆ ಹೇಳುವ, 2023ರ ‘ವೆಣ್ಬಾ’ ಪಿಎಸ್5 ಆಟವಾಗಿ ಬಂದದ್ದರಿಂದ, ಇಡ್ಲಿಯನ್ನು ಬೇಯಿಸುವಷ್ಟು ಸೌಮ್ಯವಾದ ಕೆಲಸಕ್ಕೂ ಅಲ್ಲಿ ಡ್ಯುಯಲ್‌ಸೆನ್ಸ್ ಬೇಕೇ ಬೇಕು. ‘ಹಾಲೋ ನೈಟ್: ಸಿಲ್ಕ್‌ಸಾಂಗ್’ನಂತೆ ಎರಡೂ ಆವೃತ್ತಿಗಳಲ್ಲಿ ಬಂದ ಆಟಗಳೂ ಇವೆ, ಅಂಥವುಗಳಲ್ಲಿ ಪಿಎಸ್4 ಆವೃತ್ತಿಯನ್ನು ಇಳಿಸಿಕೊಂಡರೆ ನಿಮ್ಮ ಹಳೆಯ ಕಂಟ್ರೋಲರ್ ಸಾಕು. ಆದರೆ ಒಂದು ಆವೃತ್ತಿಯಲ್ಲಿ ಉಳಿಸಿದ ಆಟ ಇನ್ನೊಂದರಲ್ಲಿ ತಾನಾಗಿಯೇ ಮುಂದುವರಿಯುತ್ತದೆಂದು ನಂಬಬೇಡಿ. ಅದು ಆಟದಿಂದ ಆಟಕ್ಕೆ ಬೇರೆಯಾಗುತ್ತದೆ.

ಜೋಡಣೆಗೆ ಮೈಕ್ರೋ ಯುಎಸ್‌ಬಿ ಕೇಬಲ್ ಬೇಕು. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್‌ಗಳಿಂದ ಜೋಡಣೆ ಆಗುವುದಿಲ್ಲ; ಬಹಳ ಜನ ಕಂಟ್ರೋಲರ್ ಕೆಟ್ಟಿದೆಯೆಂದು ತಿಳಿಯುವುದು ಇಲ್ಲಿಯೇ.

ಪ್ರಶ್ನೆ: ನನ್ನಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇದೆ. ಗೆಳೆಯನ ನಿಂಟೆಂಡೊ ಸ್ವಿಚ್‌ನಲ್ಲಿ ಅದರಿಂದ ಆಡಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನೇರವಾಗಿ ಆಗದು. 8ಬಿಟ್‌ಡೂ ಮುಂತಾದ ಸಂಸ್ಥೆಗಳು ಮಾರುವ ಚಿಕ್ಕ ಯುಎಸ್‌ಬಿ ಅಡಾಪ್ಟರನ್ನು ಸ್ವಿಚ್‌ನ ಡಾಕ್‌ಗೆ (ಟಿವಿಗೆ ಜೋಡಿಸುವ ಪೀಠಕ್ಕೆ) ಸಿಕ್ಕಿಸಿದರೆ, ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ಬಳಸಬಹುದು. ಎಕ್ಸ್‌ಬಾಕ್ಸ್ ಒನ್‌ನ ಮೊದಲ ಕಂಟ್ರೋಲರ್‌ಗಳಲ್ಲಿ ಬ್ಲೂಟೂತ್ ಇರಲಿಲ್ಲ. 2016ರಲ್ಲಿ ಒನ್ ಎಸ್ ಜೊತೆ ಬಂದ ಕಂಟ್ರೋಲರ್‌ನಿಂದ ಅದು ಸೇರಿತು. ನಡುವಿನ ಎಕ್ಸ್‌ಬಾಕ್ಸ್ ಬಟನ್ನಿನ ಸುತ್ತಲಿನ ಪ್ಲಾಸ್ಟಿಕ್ ಮುಂಭಾಗದ ಕವಚಕ್ಕೆ ಸೇರಿದ್ದರೆ ನಿಮ್ಮದು ಬ್ಲೂಟೂತ್ ಇರುವುದು. ಅದು ಮೇಲಂಚಿನ ಹೊಳಪಿನ ಭಾಗದೊಂದಿಗೆ ಒಂದೇ ತುಂಡಾಗಿದ್ದರೆ ಇಲ್ಲದಿರುವುದು.

ಇನ್ನೊಂದು ತೊಡಕೆಂದರೆ ಅಕ್ಷರಗಳದ್ದು. ನಿಂಟೆಂಡೊದಲ್ಲಿ ‘ಎ’ ಬಲಕ್ಕೂ ‘ಬಿ’ ಕೆಳಕ್ಕೂ ಇರುತ್ತವೆ. ಎಕ್ಸ್‌ಬಾಕ್ಸ್‌ನಲ್ಲಿ ಇದು ತಿರುಗುಮುರುಗು. ಹೀಗಾಗಿ ಪರದೆ ‘ಎ’ ಒತ್ತಲು ಹೇಳಿದಾಗ ಬೆರಳು ‘ಬಿ’ಗೆ ಹೋಗಬೇಕಾಗಬಹುದು. ಕ್ಷಣಕ್ಕೊಮ್ಮೆ ನೆಗೆಯಬೇಕಾದ ಆಟಗಳಲ್ಲಿ ಇದು ನಿಜವಾಗಿಯೂ ಕಾಡುತ್ತದೆ. ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ ನಿಧಾನದ ಬೇಸಾಯದ ಆಟದಲ್ಲಿ ಬೇಗ ರೂಢಿಯಾಗುತ್ತದೆ. ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಬಟನ್‌ಗಳ ಜಾಗ ಬದಲಿಸಿಕೊಳ್ಳಲು ಅವಕಾಶವಿದೆ.

ಪ್ರಶ್ನೆ: ಹಳೆಯ ಸ್ವಿಚ್‌ನ ಪ್ರೊ ಕಂಟ್ರೋಲರ್ ಸ್ವಿಚ್ 2ಕ್ಕೆ ಆಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಆಗುತ್ತದೆ. ಆದರೆ ನಿದ್ರೆಯಲ್ಲಿರುವ ಸ್ವಿಚ್ 2ನ್ನು ಅದರಿಂದ ಎಬ್ಬಿಸಲಾಗದು. ಎದ್ದು ಹೋಗಿ ಕನ್ಸೋಲ್‌ನ ಬಟನ್ನನ್ನೇ ಒತ್ತಬೇಕು. ಹಳೆಯ ಸ್ವಿಚ್‌ನ ಎರಡು ಪಕ್ಕಗಳಿಗೆ ಸಿಕ್ಕಿಸುವ ಚಿಕ್ಕ ಕಂಟ್ರೋಲರ್‌ಗಳಾದ ಜಾಯ್‌ಕಾನ್‌ಗಳು ಸ್ವಿಚ್ 2ಕ್ಕೆ ನಿಸ್ತಂತುವಾಗಿ ಮಾತ್ರ ಸೇರುತ್ತವೆ, ಅದರ ಪಕ್ಕಕ್ಕೆ ಸಿಕ್ಕಿಸಲು ಬರುವುದಿಲ್ಲ. ಹೊಸ ಪ್ರೊ ಕಂಟ್ರೋಲರ್ ಹಳೆಯ ಸ್ವಿಚ್‌ಗೆ ಆಗುವುದಿಲ್ಲ.