ಯೂಪ್ ಹೈಂಕೆಸ್ ಆಟಗಾರರಾಗಿ ದೊಡ್ಡವರಾ, ಕೋಚ್ ಆಗಿ ದೊಡ್ಡವರಾ?

ನೀವು ಕೇಳಿದ್ದು ಇಷ್ಟು: "ಒಳ್ಳೆ ಆಟಗಾರ ಒಳ್ಳೆ ಕೋಚ್ ಆಗಲ್ಲ ಅಂತಾರೆ. ಬಯರ್ನ್ ಮ್ಯೂನಿಕ್‌ಗೆ ಟ್ರೆಬಲ್ (ಒಂದೇ ಸೀಸನ್‌ನಲ್ಲಿ ಮೂರು ದೊಡ್ಡ ಕಪ್) ಗೆದ್ದುಕೊಟ್ಟ ಯೂಪ್ ಹೈಂಕೆಸ್ ತಾವು ಆಡುವಾಗ ಹೇಗಿದ್ದರು? ಅವರ ವಿಷಯದಲ್ಲಿ ಆ ಮಾತು ಸುಳ್ಳಾ?"

ಅರ್ಧ ಸುಳ್ಳು, ಅರ್ಧ ನಿಜ. ಆಟಗಾರರಾಗಿ ಅವರು ಜರ್ಮನಿಯ ಮೊದಲ ಸಾಲಿನವರು. ಕೋಚ್ ಆಗಿಯೂ ಮೊದಲ ಸಾಲಿಗೆ ಬಂದರು. ಆದರೆ ಬರುವಷ್ಟರಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ನಡುವೆ ಕೆಲಸ ಕಳೆದುಕೊಂಡರು, ಆಟಗಾರರ ಜೊತೆ ಜಗಳವಾಡಿದರು, ಒಮ್ಮೆ ನಿವೃತ್ತಿಯನ್ನೂ ಪಡೆದಂತಾಗಿತ್ತು. ನನಗೆ ಇಷ್ಟವಾಗುವುದು ಆ ನಡುವಿನ ಭಾಗವೇ.

ಅವರ ಆಟದ ಕೊನೆಯ ದಿನದಿಂದಲೇ ಶುರು ಮಾಡುತ್ತೇನೆ. 1978ರ ಏಪ್ರಿಲ್ 29. ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾ ಸೀಸನ್‌ನ ಕೊನೆಯ ಸುತ್ತು. ಹೈಂಕೆಸ್ ಅವರ ಬೊರುಸ್ಸಿಯಾ ಗ್ಲಾಡ್‌ಬಾಕ್ ಮತ್ತು ಪಕ್ಕದೂರಿನ ಕಲೋನ್ ತಂಡಕ್ಕೆ ಸಮಾನ ಅಂಕ. ಅಂಕ ಸಮವಾದರೆ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದು ಲೆಕ್ಕ ನೋಡುತ್ತಾರೆ, ಅದರಲ್ಲಿ ಮಾತ್ರ ಕಲೋನ್ ಹತ್ತು ಮುಂದೆ. ಹತ್ತು ಗೋಲು ಒಂದೇ ದಿನದಲ್ಲಿ ಸರಿದೂಗಿಸೋದು ಆಗೋ ಮಾತಾ? ಆದರೂ ಮೊದಲ ನಿಮಿಷದಲ್ಲೇ ಹೈಂಕೆಸ್ ಗೋಲು ಹೊಡೆದರು. ಅರ್ಧ ಆಟಕ್ಕೆ 6–0. ಪಂದ್ಯ ಮುಗಿದಾಗ 12–0. ಅದರಲ್ಲಿ ಹೈಂಕೆಸ್ ಅವರದ್ದೇ ಐದು. ಇಷ್ಟಾದರೂ ಕಪ್ ಸಿಗಲಿಲ್ಲ. ಅತ್ತ ಕಲೋನ್ 5–0 ಗೆದ್ದಿತ್ತು. ಮೂರು ಗೋಲು ಕಡಿಮೆ ಬಿತ್ತು.

ಆ ದಿನ ಹನ್ನೆರಡು ಗೋಲು ತಿಂದ ತಂಡ ಬೊರುಸ್ಸಿಯಾ ಡಾರ್ಟ್‌ಮುಂಡ್. ಅದರ ಕೋಚ್ ಯಾರು ಗೊತ್ತಾ? ಒಟ್ಟೊ ರೇಹಾಗೆಲ್. ಮುಂದೆ 2004ರಲ್ಲಿ ಗ್ರೀಸ್‌ಗೆ ಯೂರೋ ಕಪ್ ಗೆದ್ದುಕೊಟ್ಟರಲ್ಲ, ಅವರೇ. ಜರ್ಮನ್‌ನಲ್ಲಿ 'ಟೋರ್' ಅಂದರೆ ಗೋಲು, 'ಹಾಗೆಲ್' ಅಂದರೆ ಆಲಿಕಲ್ಲು. ಹಾಗಾಗಿ ಅವರಿಗೆ 'ಟೋರ್‌ಹಾಗೆಲ್' ಅಂತ ಅಡ್ಡಹೆಸರು ಬಿತ್ತು, ಗೋಲುಗಳ ಆಲಿಕಲ್ಲು ಮಳೆ ಅಂತ. ಮರುದಿನವೇ ಅವರ ಕೆಲಸ ಹೋಯಿತು.

ಇನ್ನು ಹೈಂಕೆಸ್ ಹಿನ್ನೆಲೆ. 1945ರ ಮೇ 9ರಂದು, ಅಂದರೆ ಜರ್ಮನಿ ಶರಣಾಗಿ ಯುರೋಪಿನಲ್ಲಿ ಯುದ್ಧ ನಿಂತ ಮರುದಿನ, ಮೊಂಚೆನ್‌ಗ್ಲಾಡ್‌ಬಾಕ್‌ನಲ್ಲಿ ಹುಟ್ಟಿದರು. ಅಪ್ಪ ಕಮ್ಮಾರ. ಹತ್ತು ಮಕ್ಕಳಲ್ಲಿ ಇವರು ಒಂಬತ್ತನೆಯವರು. ಫುಟ್‌ಬಾಲ್ ಕೈಹಿಡಿಯುವ ಮೊದಲು ಕಲಿತದ್ದು ಗಾರೆ ಕೆಲಸ. 1965ರಲ್ಲಿ ಗ್ಲಾಡ್‌ಬಾಕ್ ಬುಂಡೆಸ್‌ಲೀಗಾಗೆ ಬಡ್ತಿ ಪಡೆದಾಗ ಇವರಿಗೆ ಇಪ್ಪತ್ತು ವರ್ಷ. ಅದೇ ವರ್ಷ ಬಡ್ತಿ ಪಡೆದ ಇನ್ನೊಂದು ತಂಡ ಬಯರ್ನ್. ಮುಂದಿನ ಹತ್ತು ವರ್ಷ ಜರ್ಮನ್ ಫುಟ್‌ಬಾಲ್ ಅಂದರೆ ಬಹುಪಾಲು ಇವೆರಡು ತಂಡಗಳ ಪೈಪೋಟಿ.

ನಡುವೆ ಮೂರು ವರ್ಷ ಹ್ಯಾನೋವರ್‌ನಲ್ಲಿ ಆಡಿ 1970ರಲ್ಲಿ ಊರಿಗೆ ವಾಪಸ್ ಬಂದರು. ಕೋಚ್ ಹೆನ್ನೆಸ್ ವೈಸ್‌ವೈಲರ್ ಆಗ ಎಳೆ ಹುಡುಗರನ್ನು ಕಟ್ಟಿಕೊಂಡು, ಚೆಂಡು ಸಿಕ್ಕ ಕೂಡಲೇ ಮುನ್ನುಗ್ಗುವ ಆಟ ಆಡಿಸುತ್ತಿದ್ದರು. ಗುಂಟರ್ ನೆಟ್ಸರ್ ಉದ್ದ ಪಾಸ್ ಕೊಡೋದು, ಹೈಂಕೆಸ್ ಓಡಿ ಹೋಗಿ ಹೊಡೆಯೋದು. 1971, 1975, 1976, 1977, ನಾಲ್ಕು ಸಲ ಲೀಗ್ ಗೆದ್ದರು. ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ 1975ರ ಫೈನಲ್‌ನ ಎರಡನೇ ಪಂದ್ಯದಲ್ಲಿ, ಹಾಲೆಂಡ್‌ನ ಟ್ವೆಂಟೆ ತಂಡವನ್ನು ಅದರ ಊರಲ್ಲೇ 5–1ಕ್ಕೆ ಹೊಡೆದಾಗ ಮೂರು ಗೋಲು ಇವರದ್ದು. ಬುಂಡೆಸ್‌ಲೀಗಾದಲ್ಲಿ ಒಟ್ಟು 369 ಪಂದ್ಯ, 220 ಗೋಲು. ಬಯರ್ನ್‌ನ ಗೋಲು ಯಂತ್ರ ಗೆರ್ಡ್ ಮುಲ್ಲರ್ ಇದ್ದ ಕಾಲದಲ್ಲಿ ಎರಡು ಸಲ ಅತಿ ಹೆಚ್ಚು ಗೋಲಿನ ಪಟ್ಟ, 1974ರಲ್ಲಿ ಮುಲ್ಲರ್ ಜೊತೆ ಸಮನಾಗಿ, 1975ರಲ್ಲಿ ಒಬ್ಬರೇ.

ದೇಶದ ತಂಡದಲ್ಲಿ ಮಾತ್ರ ನೆರಳಲ್ಲೇ ಉಳಿದರು ಅನ್ನಬಹುದು. 39 ಪಂದ್ಯ, 14 ಗೋಲು. 1972ರ ಯೂರೋ ಗೆದ್ದ ತಂಡದಲ್ಲಿದ್ದರು. 1974ರ ವಿಶ್ವಕಪ್ ತಂಡದಲ್ಲೂ ಇದ್ದರು, ಆದರೆ ಮೈದಾನಕ್ಕಿಳಿದದ್ದು ಎರಡೇ ಪಂದ್ಯಕ್ಕೆ.

ಈಗ ಕೋಚ್ ಕತೆ. ಬೂಟು ಬಿಚ್ಚಿಟ್ಟ ಮೇಲೆ ಒಂದು ವರ್ಷ ಗ್ಲಾಡ್‌ಬಾಕ್‌ನಲ್ಲೇ ಉಡೋ ಲಾಟೆಕ್ ಕೈಕೆಳಗೆ ಸಹಾಯಕರಾಗಿದ್ದರು. 1979ರಲ್ಲಿ ಮುಖ್ಯ ಕೋಚ್. ಆಗ ವಯಸ್ಸು 34. ಎಂಟು ವರ್ಷ ಇದ್ದರು, ಒಂದೂ ಕಪ್ ಇಲ್ಲ. ಅದಕ್ಕೆ ಅವರೊಬ್ಬರನ್ನೇ ದೂರುವಂತಿಲ್ಲ. ಕ್ಲಬ್ ಹತ್ತಿರ ದುಡ್ಡು ಕಡಿಮೆ, ಬೆಳೆಸಿದ ಹುಡುಗರನ್ನೆಲ್ಲ ದೊಡ್ಡ ಕ್ಲಬ್‌ಗಳು ಎತ್ತಿಕೊಂಡು ಹೋಗುತ್ತಿದ್ದವು. ಲೋಥರ್ ಮಥೌಸ್ ಬುಂಡೆಸ್‌ಲೀಗಾಗೆ ಕಾಲಿಟ್ಟಿದ್ದು ಇವರ ಕೈಯಲ್ಲೇ, 1984ರಲ್ಲಿ ಬಯರ್ನ್‌ಗೆ ಹೋದರು. ಅದೃಷ್ಟವೂ ಕೈಕೊಟ್ಟಿತು. 1984ರಲ್ಲಿ ಮೂರು ತಂಡಗಳಿಗೆ ಸಮಾನ ಅಂಕ, ಗೋಲಿನ ಲೆಕ್ಕದಲ್ಲಿ ಇವರು ಮೂರನೆಯವರು. 1985ರಲ್ಲಿ ಯುಇಎಫ್‌ಎ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಮೊದಲ ಪಂದ್ಯ 5–1 ಗೆದ್ದು, ಮ್ಯಾಡ್ರಿಡ್‌ನಲ್ಲಿ 4–0 ಸೋತರು. ಒಟ್ಟು 5–5 ಆದರೂ, ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಅನ್ನೋ ನಿಯಮದಿಂದ ಹೊರಬಿದ್ದರು. ಸಿಟ್ಟು ಬಂದರೆ ಅವರ ಮುಖ ಕೆಂಪಗೆ ಉರಿಯುತ್ತಿತ್ತು. ಅದಕ್ಕೆ ಆಟಗಾರರು ಇಟ್ಟ ಹೆಸರು 'ಓಸ್ರಾಮ್'. ಹೌದು, ಬಲ್ಬ್ ಕಂಪನಿ ಹೆಸರೇ!

1987ರಲ್ಲಿ ಬಯರ್ನ್‌ಗೆ ಹೋದರು. 1989, 1990ರಲ್ಲಿ ಲೀಗ್ ಗೆದ್ದರು. 1989ರ ಮೇನಲ್ಲಿ ಒಂದು ಮಜಾ ನಡೆಯಿತು. ಕಲೋನ್ ತಂಡದ ಕೋಚ್ ಕ್ರಿಸ್ಟೋಫ್ ಡೌಮ್, ಹೈಂಕೆಸ್ ಜೊತೆ ಮಾತಾಡೋದಕ್ಕಿಂತ ಹವಾಮಾನದ ನಕ್ಷೆ ನೋಡೋದು ಮೇಲು ಅನ್ನೋ ಅರ್ಥದಲ್ಲಿ ಚುಚ್ಚಿದ್ದರು. ಟಿವಿ ಸ್ಟುಡಿಯೋದಲ್ಲೇ ಇಬ್ಬರಿಗೂ ಜಟಾಪಟಿ ಆಯಿತು. ಕೆಲವೇ ದಿನದಲ್ಲಿ ಬಯರ್ನ್ ಕಲೋನ್‌ಗೇ ಹೋಗಿ 3–1 ಗೆದ್ದು ಬಂತು. ಆದರೆ 1991ರ ಅಕ್ಟೋಬರ್‌ನಲ್ಲಿ ತಂಡ ಸೋಲತೊಡಗಿದಾಗ ಮ್ಯಾನೇಜರ್ ಉಲಿ ಹೋನೆಸ್ ಇವರನ್ನು ಮನೆಗೆ ಕಳಿಸಿದರು. ಇಬ್ಬರೂ ಸ್ನೇಹಿತರು ಬೇರೆ. ಆ ಸೀಸನ್ ಬಯರ್ನ್ ಹತ್ತನೇ ಸ್ಥಾನಕ್ಕೆ ಇಳಿಯಿತು. ತನ್ನ ದೊಡ್ಡ ತಪ್ಪು ಅದೇ ಎಂದು ಹೋನೆಸ್ ಆಮೇಲೆ ಒಪ್ಪಿಕೊಂಡರು. ಈ ತಪ್ಪೊಪ್ಪಿಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಸ್ಪೇನ್. ಬಾಸ್ಕ್ ನಾಡಿನ ಹುಡುಗರನ್ನೇ ಆಡಿಸುವ ಬಿಲ್ಬಾವೊ ಕ್ಲಬ್‌ಗೆ ಎರಡು ವರ್ಷ. ಅಲ್ಲಿ ಚೆನ್ನಾಗೇ ನಡೆಯಿತು, ಐದನೇ ಸ್ಥಾನದವರೆಗೂ ಒಯ್ದರು. 1994ರಲ್ಲಿ ಜರ್ಮನಿಗೆ ವಾಪಸ್ ಬಂದು ಫ್ರಾಂಕ್‌ಫರ್ಟ್ ಸೇರಿದರು. ಅಲ್ಲಿ ಎಡವಟ್ಟಾಯಿತು.

ಆ ತಂಡದಲ್ಲಿ ಘಾನಾದ ಟೋನಿ ಯೆಬೋವಾ, ನೈಜೀರಿಯಾದ ಜೇ-ಜೇ ಒಕೋಚಾ, ಮೌರಿಜಿಯೊ ಗೌಡಿನೊ ಇದ್ದರು. ಮೂವರೂ ಚೆಂಡಿನ ಮಾಂತ್ರಿಕರು. ಡಿಸೆಂಬರ್‌ನಲ್ಲಿ ಒಂದು ದಿನ ಪ್ರಾಕ್ಟೀಸ್ ಸಾಲದು ಅಂತ ಹೈಂಕೆಸ್ ಅವರಿಗೆ ಹೆಚ್ಚುವರಿ ಓಟದ ಶಿಕ್ಷೆ ಕೊಟ್ಟರು. ಅವರು ಮುಂದಿನ ಪಂದ್ಯಕ್ಕೆ ಇಲ್ಲ ಅಂದುಬಿಟ್ಟರು. ಇವರು ಮೂವರನ್ನೂ ತಂಡದಿಂದ ಹೊರಗಿಟ್ಟರು. ಯೆಬೋವಾ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಅಲ್ಲಿನ ಜನ ಇವತ್ತಿಗೂ ನೆನೆಯುವಂಥ ಗೋಲು ಹೊಡೆದರು. ಗೌಡಿನೊ ಕೂಡ ಇಂಗ್ಲೆಂಡಿಗೆ ಹೋದರು. ಹೈಂಕೆಸ್ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ಶಿಸ್ತು ಉಳಿಯಿತು, ತಂಡ ಉಳಿಯಲಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಅರ್ಧ ನಿಜ ಇರುವುದು ಇಲ್ಲೇ. ಗಾರೆ ಕೆಲಸದಿಂದ ಬಂದು, ಬೆವರು ಹರಿಸಿ ಮೇಲೆ ಬಂದ ಆಟಗಾರ ತನ್ನ ಹಾಗೆಯೇ ಎಲ್ಲರೂ ಇರಬೇಕು ಅಂತ ಬಯಸುತ್ತಾನೆ. ಒಕೋಚಾ ಅಂಥವರು ಹಾಗಿರಲ್ಲ ಅಲ್ವಾ!

ಮುಂದಿನದು ಟೆನೆರಿಫೆ ಅನ್ನೋ ದ್ವೀಪದ ಸಣ್ಣ ಕ್ಲಬ್. ಅದನ್ನು 1997ರ ಯುಇಎಫ್‌ಎ ಕಪ್ ಸೆಮಿಫೈನಲ್‌ವರೆಗೂ ಕರೆದೊಯ್ದರು. ಅದನ್ನು ನೋಡಿ ರಿಯಲ್ ಮ್ಯಾಡ್ರಿಡ್ ಕರೆಯಿತು. ರಿಯಲ್ ಯುರೋಪಿನ ದೊಡ್ಡ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದು ಆಗ 32 ವರ್ಷ ಆಗಿತ್ತು. 1998ರ ಸೆಮಿಫೈನಲ್ ಡಾರ್ಟ್‌ಮುಂಡ್ ವಿರುದ್ಧ. ಆಟ ಶುರುವಾಗುವ ಮೊದಲೇ ಒಂದು ಗೋಲ್‌ಪೋಸ್ಟ್ ಮುರಿದುಬಿತ್ತು. ಪ್ರಾಕ್ಟೀಸ್ ಮೈದಾನದಿಂದ ಬೇರೆಯದನ್ನು ಹೊತ್ತು ತರುವಷ್ಟರಲ್ಲಿ ಒಂದು ಗಂಟೆ ಮೀರಿತ್ತು. ಆವತ್ತು ಏಪ್ರಿಲ್ 1, ಸುಮ್ನೆ ಹೇಳ್ತಿಲ್ಲ. ಮೇ 20ರಂದು ಆಂಸ್ಟರ್‌ಡ್ಯಾಮ್‌ನಲ್ಲಿ ರಿಯಲ್‌ನ ಮಿಯಾಟೊವಿಚ್ ಹೊಡೆದ ಒಂದೇ ಗೋಲಿನಿಂದ ಫೈನಲ್‌ನಲ್ಲಿ ಇಟಲಿಯ ಯುವೆಂಟಸ್ ಸೋತಿತು. 32 ವರ್ಷದ ಕಾಯುವಿಕೆ ಮುಗಿಯಿತು. ಎಂಟು ದಿನಕ್ಕೆ ಹೈಂಕೆಸ್ ಕೆಲಸವೂ ಮುಗಿಯಿತು! ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಬಂತು ಅನ್ನೋ ಕಾರಣಕ್ಕೆ.

ಅಲ್ಲಿಂದ ಮುಂದಿನ ಎಂಟೊಂಬತ್ತು ವರ್ಷ ಬೇಗ ಹೇಳಿ ಮುಗಿಸುತ್ತೇನೆ. ಬೆನ್‌ಫಿಕಾ, ಮತ್ತೆ ಬಿಲ್ಬಾವೊ, ಶಾಲ್ಕೆ. ಎಲ್ಲೂ ಹೇಳಿಕೊಳ್ಳುವಂಥದ್ದು ಆಗಲಿಲ್ಲ. 2006ರಲ್ಲಿ ಹುಟ್ಟೂರಿನ ಗ್ಲಾಡ್‌ಬಾಕ್‌ಗೆ ಮತ್ತೆ ಬಂದರು. ಅದು ಇನ್ನೂ ಕೆಟ್ಟದಾಯಿತು. ತಂಡ ಸೋಲುತ್ತಾ ಹೋಯಿತು, ಬೆದರಿಕೆಗಳು ಬಂದವು, 2007ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. 61 ವರ್ಷ. ಊರ ಹೊರಗೆ ಹಳೆ ತೋಟದ ಮನೆ, ನಾಯಿ, ಗಿಡ. ಕತೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

2009ರ ಏಪ್ರಿಲ್‌ನಲ್ಲಿ ಬಯರ್ನ್ ತನ್ನ ಕೋಚ್ ಯುರ್ಗೆನ್ ಕ್ಲಿನ್ಸ್‌ಮನ್ ಅವರನ್ನು ತೆಗೆಯಿತು. ಸೀಸನ್‌ನಲ್ಲಿ ಉಳಿದದ್ದು ಐದು ಪಂದ್ಯ. ಹೋನೆಸ್ ಫೋನ್ ಮಾಡಿದ್ದು ಹಳೇ ಸ್ನೇಹಿತನಿಗೆ. ನಾಲ್ಕು ಗೆಲುವು, ಒಂದು ಡ್ರಾ. ಆ ಐದು ಪಂದ್ಯ ಅವರ ರುಚಿ ಕೆರಳಿಸಿತು ಅನಿಸುತ್ತದೆ. ಅದೇ ಬೇಸಿಗೆಯಲ್ಲಿ ಲೆವರ್‌ಕುಸೆನ್ ಸೇರಿದರು. ಅಲ್ಲಿ ಸೀಸನ್ ಶುರುವಿನಿಂದ ಸತತ 24 ಪಂದ್ಯ ಸೋಲಲಿಲ್ಲ. ಬಯರ್ನ್‌ನಿಂದ ಎರವಲು ಬಂದಿದ್ದ ಟೋನಿ ಕ್ರೂಸ್ ಅನ್ನೋ ಹುಡುಗ ಅಲ್ಲೇ ಪಕ್ವವಾದದ್ದು.

2011ರಲ್ಲಿ ಬಯರ್ನ್‌ಗೆ ಮೂರನೇ ಸಲ. ಮೊದಲ ವರ್ಷ ಮೂರರಲ್ಲೂ ಎರಡನೇ ಸ್ಥಾನ. ಲೀಗ್ ಮತ್ತು ಜರ್ಮನ್ ಕಪ್ ಡಾರ್ಟ್‌ಮುಂಡ್‌ಗೆ. ಚಾಂಪಿಯನ್ಸ್ ಲೀಗ್ ಫೈನಲ್ ಮ್ಯೂನಿಕ್‌ನಲ್ಲೇ, ತಮ್ಮದೇ ಮೈದಾನದಲ್ಲಿ. 83ನೇ ನಿಮಿಷಕ್ಕೆ ಗೋಲು ಹೊಡೆದು, 88ಕ್ಕೆ ಡ್ರೋಗ್ಬಾ ಕೈಲಿ ಹೊಡೆಸಿಕೊಂಡು, ಪೆನಾಲ್ಟಿಯಲ್ಲಿ ಚೆಲ್ಸಿಗೆ ಸೋತರು. ಆ ರಾತ್ರಿ ಬೆಂಗಳೂರಿನ ನಮ್ಮ ರೂಮಲ್ಲಿ ನಾಲ್ಕು ಜನ ಚೆಲ್ಸಿ ಕಡೆ, ನಾನೊಬ್ಬ ಬಯರ್ನ್ ಕಡೆ. ಬೆಳಗ್ಗೆ ತಿಂಡಿಗೂ ಅವರ ಜೊತೆ ಹೋಗಲಿಲ್ಲ.

ಅದೇ ವರ್ಷದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಹೊತ್ತಿಗೆ ಡ್ರೆಸಿಂಗ್ ರೂಮಲ್ಲಿ ಇನ್ನೊಂದು ಘಟನೆ ನಡೆದಿತ್ತು. ಫ್ರೀಕಿಕ್ ಯಾರು ಹೊಡೆಯಬೇಕು ಅನ್ನೋ ಜಗಳದಲ್ಲಿ ತಂಡದ ಸ್ಟಾರ್ ರಿಬೆರಿ ಇನ್ನೊಬ್ಬ ಸ್ಟಾರ್ ರಾಬೆನ್‌ಗೆ ಏಟು ಹಾಕಿಬಿಟ್ಟಿದ್ದರು. 1994ರ ಹೈಂಕೆಸ್ ಆಗಿದ್ದರೆ ಏನು ಮಾಡುತ್ತಿದ್ದರು ಅಂತ ನೀವೇ ಊಹಿಸಿ. 2012ರಲ್ಲಿ ದಂಡ ಬಿತ್ತು, ಆದರೆ ಇಬ್ಬರೂ ತಂಡದಲ್ಲಿ ಉಳಿದರು. ಮುಂದಿನ ಸೀಸನ್‌ನಲ್ಲಿ ಅದೇ ಇಬ್ಬರು ಚೆಂಡು ಕಳೆದುಕೊಂಡ ಕೂಡಲೇ ತಮ್ಮ ಗೋಲಿನ ಕಡೆಗೆ ಓಡಿ ಬಂದು ಡಿಫೆಂಡರ್‌ಗಳಿಗೆ ಕೈ ಜೋಡಿಸುತ್ತಿದ್ದರು. ಅಂಥ ಸ್ಟಾರ್‌ಗಳನ್ನು ಹಿಂದಕ್ಕೆ ಓಡಿಸೋದು ಸುಲಭ ಅಲ್ಲ. ಬೈದರೆ ಆಗುವ ಕೆಲಸವೂ ಅಲ್ಲ. ಜೊತೆಗೆ ನಡುವಿನ ಜಾಗಕ್ಕೆ ಬಿಲ್ಬಾವೊದಿಂದ ಹಾವಿ ಮಾರ್ಟಿನೆಸ್ ಅವರನ್ನು 4 ಕೋಟಿ ಯೂರೋಗೆ ತರಿಸಿದರು. ಇಡೀ ಲೀಗ್‌ನಲ್ಲಿ ತಂಡ ಬಿಟ್ಟುಕೊಟ್ಟದ್ದು 34 ಪಂದ್ಯಕ್ಕೆ 18 ಗೋಲು.

2013ರ ಜನವರಿಯಲ್ಲೇ ಕ್ಲಬ್ ಮುಂದಿನ ಕೋಚ್ ಗಾರ್ಡಿಯೋಲಾ ಅಂತ ಘೋಷಿಸಿತು. ಅಂದರೆ ಹೈಂಕೆಸ್ ಹೋಗೋದು ಎಲ್ಲರಿಗೂ ಗೊತ್ತಿತ್ತು. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ತಂಡ ಸಡಿಲ ಬೀಳುತ್ತದೆ. ಇಲ್ಲಿ ಉಲ್ಟಾ ಆಯಿತು. ಆರು ಪಂದ್ಯ ಬಾಕಿ ಇರುವಾಗಲೇ ಲೀಗ್ ಗೆದ್ದರು, ಕೊನೆಗೆ 91 ಅಂಕ, ಎರಡನೆಯವರಿಗಿಂತ 25 ಜಾಸ್ತಿ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಎರಡು ಪಂದ್ಯ ಸೇರಿ 7–0 ಹೊಡೆದರು. ರಾಬೆನ್ ಆ ವರ್ಷ ಬಹಳ ದಿನ ಬೆಂಚ್ ಮೇಲಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಕ್ರೂಸ್ ಗಾಯಗೊಂಡಾಗ ಒಳಗೆ ಬಂದವರು ಮತ್ತೆ ಹೊರಗೆ ಹೋಗಲಿಲ್ಲ. ಫೈನಲ್ ಮೇ 25, ಲಂಡನ್‌ನ ವೆಂಬ್ಲಿ, ನಮ್ಮಲ್ಲಿ ರಾತ್ರಿ ಹನ್ನೆರಡೂಕಾಲಕ್ಕೆ ಆಟ ಶುರು. ಎದುರು ಕ್ಲಾಪ್ ಅವರ ಡಾರ್ಟ್‌ಮುಂಡ್. 89ನೇ ನಿಮಿಷ, ಅದೇ ರಾಬೆನ್, 2–1. ಒಂದು ವಾರಕ್ಕೆ ಜರ್ಮನ್ ಕಪ್ಪೂ ಬಂತು. ಜರ್ಮನಿಯ ಯಾವ ಪುರುಷರ ತಂಡವೂ ಅಲ್ಲಿವರೆಗೆ ಟ್ರೆಬಲ್ ಗೆದ್ದಿರಲಿಲ್ಲ.

2017ರಲ್ಲಿ ಬಯರ್ನ್ ಅಂಚೆಲೊಟ್ಟಿಯನ್ನು ತೆಗೆದಾಗ ಹೋನೆಸ್ ನಾಲ್ಕನೇ ಸಲ ಕರೆದರು. 72ನೇ ವಯಸ್ಸಲ್ಲಿ ಬಂದು, ಐದು ಅಂಕ ಹಿಂದಿದ್ದ ತಂಡವನ್ನು 21 ಅಂಕ ಮುಂದೆ ನಿಲ್ಲಿಸಿ ಲೀಗ್ ಗೆದ್ದರು. ಕೊನೆಯ ಪಂದ್ಯ, ಜರ್ಮನ್ ಕಪ್ ಫೈನಲ್, 3–1ಕ್ಕೆ ಸೋತರು. ಗೆದ್ದವರು ಫ್ರಾಂಕ್‌ಫರ್ಟ್. ಅದೂ ಒಂದು ಹಳೇ ಬಾಕಿ ಅಂತಲೇ ಅನಿಸಿತು ನನಗೆ.

ಪೂರ್ತಿ ಒಂದು ಪಂದ್ಯ ಹುಡುಕಿ ನೋಡ್ತೀರಾದರೆ ವೆಂಬ್ಲಿ ಫೈನಲ್ ಬಿಡಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಅದಕ್ಕೆ ಒಂದು ವಾರ ಮೊದಲಿನ, 2013ರ ಮೇ 18ರ ಲೀಗ್ ಪಂದ್ಯ ನೋಡಿ. ಹತ್ತೇ ನಿಮಿಷದಲ್ಲಿ ಬಯರ್ನ್ 3–1 ಹಿಂದೆ ಬೀಳುತ್ತದೆ, ಕೊನೆಗೆ 4–3 ಗೆಲ್ಲುತ್ತದೆ. ಎದುರು ತಂಡ ಗ್ಲಾಡ್‌ಬಾಕ್, ಮೈದಾನ 2007ರಲ್ಲಿ ಅವರು ಬಿಟ್ಟುಬಂದದ್ದೇ. ಪಂದ್ಯದ ನಂತರ ಪತ್ರಕರ್ತರ ಮುಂದೆ ಕೂತ ಹೈಂಕೆಸ್‌ಗೆ ಮಾತು ಮುಂದುವರಿಸಲು ಆಗಲಿಲ್ಲ, ಅತ್ತುಬಿಟ್ಟರು. ಮುಖ ಕೆಂಪಗಿತ್ತು.