ವೆಸುವಿಯಸ್‌ಗೊಂದು ದಿನ, ಅಮಾಲ್ಫಿಗೊಂದು ದಿನ

ಪ್ರಶ್ನೆ: ನಾವು ಮೈಸೂರಿನವರು. ಮೇ ತಿಂಗಳಲ್ಲಿ ಅಪ್ಪ–ಅಮ್ಮನನ್ನು ಕರೆದುಕೊಂಡು ಇಟಲಿಯ ನೇಪಲ್ಸ್ ಕಡೆಗೆ ಹೋಗುತ್ತಿದ್ದೇವೆ. ಅಲ್ಲಿಗೆಂದು ನಾಲ್ಕು ದಿನ ಇಟ್ಟುಕೊಂಡಿದ್ದೇವೆ. ಅಪ್ಪನಿಗೆ 67 ವರ್ಷ, ಮಂಡಿನೋವಿದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವೆಸುವಿಯಸ್, ಪಾಂಪೇ, ಅಮಾಲ್ಫಿ ಮೂರನ್ನೂ ಒಂದೇ ದಿನ ತೋರಿಸುವ ಪ್ಯಾಕೇಜ್ ತೆಗೆದುಕೊಳ್ಳಬಹುದೇ? ಜ್ವಾಲಾಮುಖಿಯ ಮೇಲೆ ಹೋಗುವುದು ಅಪಾಯವಲ್ಲವೇ?

ಉತ್ತರ: ಆ ಪ್ಯಾಕೇಜ್ ಖಂಡಿತ ಬೇಡ. ದಿನದ ಅರ್ಧ ಬಸ್ಸಿನಲ್ಲೇ ಕಳೆಯುತ್ತದೆ, ಯಾವುದನ್ನೂ ಕಣ್ತುಂಬ ನೋಡಿದ ಹಾಗಾಗುವುದಿಲ್ಲ. ನಾಲ್ಕೂ ರಾತ್ರಿ ಸೊರೆಂಟೊದಲ್ಲಿ ಉಳಿದುಕೊಳ್ಳಿ. ಬೆಟ್ಟದ ಕಡೆಗೆ ರೈಲು, ಕರಾವಳಿಗೆ ದೋಣಿ ಎರಡೂ ಅಲ್ಲಿಂದಲೇ ಹೊರಡುತ್ತವೆ.

ಅಪಾಯದ ಮಾತು ಮೊದಲು. ವೆಸುವಿಯಸ್ ಸತ್ತ ಜ್ವಾಲಾಮುಖಿಯಲ್ಲ, ಮಲಗಿದೆ. ಕೊನೆಯ ಸಲ ಉಗುಳಿದ್ದು 1944ರ ಮಾರ್ಚಿನಲ್ಲಿ. 1841ರಲ್ಲಿ ಶುರುವಾದ ಅದರ ವೀಕ್ಷಣಾಲಯ ಜಗತ್ತಿನಲ್ಲೇ ಅತಿ ಹಳೆಯ ಜ್ವಾಲಾಮುಖಿ ವೀಕ್ಷಣಾಲಯ. ನೆಲದ ನಡುಕ, ಉಬ್ಬು, ಅನಿಲಗಳ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟಿರುತ್ತಾರೆ. ದಾರಿ ತೆರೆದಿದ್ದರೆ ಧೈರ್ಯವಾಗಿ ಹೋಗಿ. ಅದರ ಬುಡದ ಅಪಾಯ ವಲಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸಂಸಾರ ಹೂಡಿದ್ದಾರೆ.

ನಿಮ್ಮ ತಂದೆಯವರಿಗೆ ಕಷ್ಟವಾಗುವುದು ಬೆಂಕಿಯಿಂದಲ್ಲ, ದಾರಿಯಿಂದ. ಬೆಟ್ಟದ ಎತ್ತರ 1281 ಮೀಟರ್. ಸುಮಾರು 1000 ಮೀಟರ್ ತನಕ ಬಸ್ಸು ಹೋಗುತ್ತದೆ. ಅಲ್ಲಿಂದ ಜ್ವಾಲಾಮುಖಿಯ ಬಾಯಿಯ ಅಂಚಿಗೆ ಅರ್ಧ ಗಂಟೆಯ ಏರು. ಚಾಮುಂಡಿ ಬೆಟ್ಟದ ಹಾಗೆ ಮೆಟ್ಟಿಲಿಲ್ಲ. ಕಾಲಿಟ್ಟಲ್ಲಿ ಜಾರುವ ಕಪ್ಪು–ಕೆಂಪು ಕಿಟ್ಟದ ಪುಡಿ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ತ್ರಾಸ. ಊರುಗೋಲು, ಹಿಡಿತವಿರುವ ಶೂ ಬೇಕೇ ಬೇಕು. ಟಿಕೆಟ್ ಬೆಟ್ಟದ ಮೇಲೆ ಸಿಗುವುದಿಲ್ಲ, ಹೊತ್ತು ಗೊತ್ತು ಮಾಡಿ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಬೆಳಗಿನ ಹೊತ್ತನ್ನೇ ಆರಿಸಿ. ಮೋಡ ಕವಿದರೆ ಬಾಯಿಯೊಳಗೆ ಬರೀ ಬಿಳುಪು ಕಾಣುತ್ತದೆ. ಬಿಸಿಲಿದ್ದರೆ ಅಂಚಿನಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ. ಎದುರಿನ ಗೋಡೆಯ ಬಿರುಕಿನಿಂದ ಹಬೆ, ಅನ್ನದ ಪಾತ್ರೆಯ ಮುಚ್ಚಳ ಸರಿಸಿದಾಗ ಏಳುವಷ್ಟೇ ತೆಳ್ಳಗೆ, ಏಳುತ್ತಿರುತ್ತದೆ. ದಾರಿಯಲ್ಲಿ 1944ರ ಲಾವಾದ ಮೇಲೆ ಬೂದು–ಬೆಳ್ಳಿ ಬಣ್ಣದ ಕಲ್ಲುಹೂವು ಹಬ್ಬಿರುವುದನ್ನೂ ತೋರಿಸಿ. ಸುಟ್ಟ ನೆಲದಲ್ಲಿ ಜೀವ ಮತ್ತೆ ಹೀಗೇ ಶುರುವಾಗುತ್ತದೆ.

ಬೆಟ್ಟಕ್ಕೆ ಬಸ್ಸು ಹತ್ತುವ ಎರ್ಕೊಲಾನೊ ಊರಿನಲ್ಲೇ ಹೆರ್ಕ್ಯುಲೇನಿಯಂ ಇದೆ, ಪಾಂಪೇಯ ಹಾಗೆಯೇ ವೆಸುವಿಯಸ್ ಹೂತುಹಾಕಿದ ರೋಮನ್ನರ ಕಾಲದ ಊರು. ತಂದೆಯವರು ಬೆಟ್ಟ ಬಿಟ್ಟರೂ ಇದನ್ನು ಬಿಡಬಾರದು. ಪಾಂಪೇ ದೊಡ್ಡದು, ಬಿಸಿಲಿಗೆ ನೆರಳಿಲ್ಲ, ನಡೆದಷ್ಟೂ ಮುಗಿಯುವುದಿಲ್ಲ. ಹೆರ್ಕ್ಯುಲೇನಿಯಂ ಎರಡು ಗಂಟೆಯಲ್ಲಿ ನಿಧಾನವಾಗಿ ನೋಡುವಷ್ಟು ಚಿಕ್ಕದು. ಕ್ರಿ.ಶ. 79ರಲ್ಲಿ ಕುದಿಯುವ ಬೂದಿ–ಅನಿಲದ ಪ್ರವಾಹ ಇದನ್ನು ಆಳವಾಗಿ ಹೂತಿತು. ಗಾಳಿ ತಾಕದೆ ಮರವೆಲ್ಲ ಇದ್ದಿಲಾಗಿ ಉಳಿಯಿತು. ತೊಲೆ, ಬಾಗಿಲು, ಮಂಚವನ್ನು ಇವತ್ತಿಗೂ ನೋಡಬಹುದು. ಸಮುದ್ರದ ಕಡೆಯ ದೋಣಿಮನೆಗಳಲ್ಲಿ ಸುಮಾರು 300 ಜನರ ಎಲುಬು ಸಿಕ್ಕಿದವು. ತಪ್ಪಿಸಿಕೊಳ್ಳಲು ದಡಕ್ಕೆ ಓಡಿಬಂದವರು. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಮನಸ್ಸಿನಿಂದ ಅಳಿಯದ ಜಾಗ ಅದು.

ಕರಾವಳಿಗೆ ಬೇರೆ ದಿನವಿಡಿ. ಸೊರೆಂಟೊದಿಂದ ದೋಣಿಯಲ್ಲಿ ಹೋಗಿ, ಮೇನಲ್ಲಿ ಓಡುತ್ತಿರುತ್ತವೆ. ಬಂಡೆಗೆ ಅಂಟಿದ ಪೊಸಿಟಾನೊ ಚೆಂದ ಕಾಣುವುದೇ ನೀರಿನ ಮೇಲಿನಿಂದ. ಇಳಿದರೆ ಊರೆಲ್ಲ ಮೆಟ್ಟಿಲು. ಹಾಗಾಗಿ ಅಮಾಲ್ಫಿಯಲ್ಲಿಳಿಯಿರಿ. ದಡದಿಂದ ಚೌಕದ ತನಕ ಸಮತಟ್ಟು. ಚರ್ಚಿನ 62 ಮೆಟ್ಟಿಲು ಹತ್ತಲಾಗದಿದ್ದರೆ ಎದುರಿನ ಕೆಫೆಯಲ್ಲಿ ಕೂತೇ ನೋಡಬಹುದು. ಸಂಜೆ ಪಕ್ಕದ ಆಟ್ರಾನಿಗೆ ಹತ್ತು ನಿಮಿಷ ನಡೆಯಿರಿ, ಗದ್ದಲವಿಲ್ಲ. ಸಮುದ್ರ ಎದ್ದು ದೋಣಿ ನಿಂತರೆ ಬಸ್ಸೇ ಗತಿ. ದಾರಿಯುದ್ದಕ್ಕೂ ಕಡಿದಾದ ತಿರುವುಗಳು, ವಾಂತಿಯಾಗುವವರು ಮೊದಲೇ ಮಾತ್ರೆ ತೆಗೆದುಕೊಳ್ಳಲಿ. ಅಮಾಲ್ಫಿಗೆ ಹೋಗುವಾಗ ಬಲಗಡೆಯ ಸೀಟು ಹಿಡಿದರೆ ಸಮುದ್ರ ಪೂರ್ತಿ ಕಾಣುತ್ತದೆ.

ಅಮ್ಮನವರ ಊಟ: ‘ಪಿಜ್ಜಾ ಮರಿನಾರಾ’ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸ್ ಇರುವುದಿಲ್ಲ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ, ಅದನ್ನು ಉದುರಿಸಬೇಡಿ ಅನ್ನಿ. ಸೂಪಿಗೆ ಮಾಂಸದ ನೀರು ಹಾಕಿರಬಹುದು. ಪ್ರತಿ ಸಲ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ ಎಂದು ಹೇಳಿ: ಮಾಂಸ ಬೇಡ, ಮೀನೂ ಬೇಡ. ಮೀನನ್ನು ಬಿಡಿಸಿ ಹೇಳದಿದ್ದರೆ ತಟ್ಟೆಗೆ ಆಂಚೊವಿ ಎಂಬ ಪುಟ್ಟ ಮೀನು ಬಂದುಬಿಡುತ್ತದೆ.