ಓದುಗರ ಪ್ರಶ್ನೆ: ಹೊಳೆಬದಿಯ ಹಬ್ಬಕ್ಕೆ ಹೊತ್ತು ಗೊತ್ತುಮಾಡುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಸುಲ್ತಾನ್ ಬತ್ತೇರಿಯ ಸಮೀಪ, ಫಲ್ಗುಣಿ ನದಿಯ ದಡದಲ್ಲಿ, ಡಿಸೆಂಬರಿನ ಒಂದು ಭಾನುವಾರ ದೋಣಿ ಸ್ಪರ್ಧೆ, ಮಕ್ಕಳ ಗಾಳಿಪಟ ಹಾಗೂ ರಾತ್ರಿ ಯಕ್ಷಗಾನ ಏರ್ಪಡಿಸಬೇಕೆಂದು ನಮ್ಮ ಯುವಕ ಮಂಡಲ ಯೋಚಿಸಿದೆ. ಬಿಸಿಲು ತಗ್ಗಿರುತ್ತದೆಂದು ಸ್ಪರ್ಧೆಯನ್ನು ಸಂಜೆ ಐದಕ್ಕೆ ಇಟ್ಟಿದ್ದೇವೆ. ಇದು ಸರಿಯೇ?
– ಮಂಡಲದ ಸದಸ್ಯರೊಬ್ಬರು, ಬೋಳೂರು

ಉತ್ತರ: ಬಿಸಿಲಿನ ಲೆಕ್ಕ ಸರಿಯಾಗಿದೆ, ನೀರಿನ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಗುರುಪುರ ಹೊಳೆ ಎಂದೂ ಕರೆಸಿಕೊಳ್ಳುವ ಫಲ್ಗುಣಿಯು ಬತ್ತೇರಿಯನ್ನು ದಾಟಿ ದಕ್ಷಿಣಕ್ಕೆ ಹರಿದು, ನೇತ್ರಾವತಿಯೊಡನೆ ಅಳಿವೆ ಬಾಗಿಲಿನಲ್ಲಿ ಕಡಲನ್ನು ಸೇರುವುದರಿಂದ, ಮಳೆಗಾಲ ಕಳೆದ ಮೇಲೆ ಇಲ್ಲಿನ ಸೆಳೆತವನ್ನು ನಿರ್ಧರಿಸುವುದು ಮುಖ್ಯವಾಗಿ ಸಮುದ್ರದ ಉಬ್ಬರವಿಳಿತವೇ. ಸುಮಾರು ಆರು ಗಂಟೆ ಏರಿ, ಅಷ್ಟೇ ಹೊತ್ತು ಇಳಿಯುವ ಈ ನೀರು ದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹೀಗಾಗಿ ಒಂದು ಭಾನುವಾರ ಸಂಜೆ ಐದಕ್ಕೆ ದಡ ಮುಟ್ಟಿ ನಿಂತ ಹೊಳೆ, ಮರು ಭಾನುವಾರ ಅದೇ ಹೊತ್ತಿಗೆ ಇಳಿದು ಕೆಸರು ತೋರಿಸುತ್ತಿರುತ್ತದೆ. ಕರಪತ್ರ ಅಚ್ಚು ಹಾಕಿಸುವ ಮೊದಲು ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನು ನೋಡಿರಿ. ಸ್ಪರ್ಧೆಯು ಉಬ್ಬರದ ಕೊನೆಯ ಭಾಗದಲ್ಲಿ ಮುಗಿಯುವಂತಿರಲಿ. ಇಳಿತದಲ್ಲಿ ಹುಟ್ಟು ಕೈತಪ್ಪಿದ ದೋಣಿಯನ್ನು ನೀರು ಅಳಿವೆಯತ್ತ ಎಳೆದೊಯ್ಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಈ ಸೆಳೆತ ಬಲವಾಗಿರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಹುಣ್ಣಿಮೆಯ ಬೆಳದಿಂಗಳಲ್ಲಿ ದೋಣಿ ಓಡಿಸುವ ಆಸೆ ಯಾರಿಗಾದರೂ ಇದ್ದರೆ, ಅದನ್ನು ದಡದಲ್ಲಿ ಕುಳಿತು ನೋಡುವ ಕಾರ್ಯಕ್ರಮವಾಗಿ ಬದಲಿಸುವುದು ಲೇಸು.

ಕೋಷ್ಟಕಕ್ಕಿಂತಲೂ ಮೊದಲು ಆಚೆ ದಡದ ಬೆಂಗ್ರೆಯ ಮೀನುಗಾರರೊಡನೆ ಮಾತನಾಡಿರಿ. ಆ ನೀರು ಅವರ ದುಡಿಮೆಯ ದಾರಿ. ಬತ್ತೇರಿಯಿಂದ ತಣ್ಣೀರುಬಾವಿಗೆ ಜನ ದಾಟುವ ದೋಣಿಗಳೂ ಅಲ್ಲಿಯೇ ಓಡಾಡುತ್ತವೆ. ಸ್ಪರ್ಧೆಯ ಗುರುತಿನ ಹಗ್ಗ ಈ ಹಾದಿಗೆ ಅಡ್ಡ ಬಂದರೆ ಊರ ಹಬ್ಬವೆಂಬ ಹೆಸರಿಗೆ ಅರ್ಥವಿರುವುದಿಲ್ಲ. 2019ರ ಜನವರಿಯಲ್ಲಿ ಇದೇ ಫಲ್ಗುಣಿಯ ದಡದಲ್ಲಿ ನದಿ ಉತ್ಸವ ನಡೆದಿತ್ತು. ಅಂತಹ ದೊಡ್ಡ ಏರ್ಪಾಡಿಗೆ ಜಿಲ್ಲಾಡಳಿತದ ಬಲವಿರುತ್ತದೆ; ನಿಮ್ಮಂಥ ಮಂಡಲಕ್ಕೆ ಈಜು ಬಲ್ಲ ನೆರೆಯವರು ಮತ್ತು ಅವರ ಒಂದೆರಡು ಕಾವಲು ದೋಣಿಗಳೇ ಆಸರೆ. ಸ್ಪರ್ಧಿಗಳೆಲ್ಲರಿಗೂ ಜೀವರಕ್ಷಕ ಜಾಕೆಟ್ ಕಡ್ಡಾಯವಾಗಿರಲಿ, ಈಜು ಬಲ್ಲವರಿಗೂ.

ವೇದಿಕೆಯನ್ನು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬತ್ತೇರಿಯ ಕಾವಲು ಬುರುಜಿಗೆ ತಾಗಿಸಿ ಹಾಕಬೇಡಿರಿ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಸವರಿ ಜಾಗ ಮಾಡುವ ಮಾತಂತೂ ಬೇಡವೇ ಬೇಡ. ಯಕ್ಷಗಾನದ ಬಗ್ಗೆ ಹೇಳುವುದಾದರೆ, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆಯಾದರೂ ಅದು ವರ್ಷಕ್ಕೆ 15 ದಿನಗಳಿಗೆ ಮೀರುವಂತಿಲ್ಲ. ಆದ್ದರಿಂದ ಆರೂವರೆಗೆ ಬಣ್ಣದ ಮನೆಯ ಚೌಕಿ ಪೂಜೆ ಮುಗಿಸಿ, ಹತ್ತರೊಳಗೆ ಮಂಗಳ ಹಾಡುವ ಕಾಲಮಿತಿ ಪ್ರಸಂಗವನ್ನೇ ಮೇಳದವರಲ್ಲಿ ಕೇಳಿಕೊಳ್ಳಿರಿ. ಗಾಳಿಪಟಕ್ಕೆ ತೆಂಗಿನ ಮರ, ವಿದ್ಯುತ್ ತಂತಿಗಳಿರುವ ಬೋಳೂರಿನ ದಡಕ್ಕಿಂತ ಆಚೆ ದಡದ ತಣ್ಣೀರುಬಾವಿಯ ಮರಳೇ ಮೇಲು.

ಪ್ರಶ್ನೆ: ವಯಸ್ಸಾದ ತಾಯಿಯೊಡನೆ ನದಿ ನೋಡುತ್ತ ಒಂದು ಸಂಜೆ ಕಳೆಯಲು ಉಡುಪಿಯ ಸುತ್ತ ಗದ್ದಲವಿಲ್ಲದ ಸ್ಥಳವಿದೆಯೇ?
– ಓದುಗರು, ಮಣಿಪಾಲ

ಉತ್ತರ: ಕೋಡಿ ಬೆಂಗ್ರೆಗೆ ಹೋಗಿರಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಭೂಮಿ ಮುಗಿಯುವಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವುದನ್ನು ಕುಳಿತಲ್ಲಿಂದಲೇ ನೋಡಬಹುದು. ಕೆಮ್ಮಣ್ಣಿನ ತೂಗುಸೇತುವೆಯೂ ಸೊಗಸಾದದ್ದೇ, ಆದರೆ ಹೆಜ್ಜೆ ಹೆಜ್ಜೆಗೂ ಅಲುಗಾಡುವುದರಿಂದ ತಾಯಿಯವರನ್ನು ಅದರ ಮೇಲೆ ನಡೆಸುವ ಸಾಹಸ ಬೇಡ. ರಜಾದಿನಗಳಲ್ಲಿ ವಾಹನಗಳು ಹೆಚ್ಚುವುದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿರಿ.